ಹಳೆಯ ಜೀಪಿನ ಜೀರ್ಣೋದ್ಧಾರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆ ಯಾವುದಾದರೂ ತೋಟದ ಮನೆಯ ಮಗ್ಗುಲಲ್ಲಿ ಅಜ್ಜನ ಕಾಲದ ಜೀಪು ತುಕ್ಕು ಹಿಡಿದು ನಿಂತಿದ್ದರೆ, ಅದನ್ನು ಮತ್ತೆ ಓಡಿಸಬೇಕೆಂಬ ಹಂಬಲ ಮೊಮ್ಮಕ್ಕಳಲ್ಲಿ ಹುಟ್ಟುವುದು ಸಹಜ. ಹಂಬಲವೇನೋ ಮೆಚ್ಚತಕ್ಕದ್ದೇ. ಆದರೆ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು? ಹೊಳೆಯುವ ಬಣ್ಣ, ಬಲವಾದ ಹೊಸ ಡೀಸೆಲ್ ಎಂಜಿನು, ಇವೇ ಮೊದಲು ಎನ್ನುವವರು ಬಹಳ. ಬ್ರೇಕು ಮೊದಲು, ಬಣ್ಣ ಕೊನೆಗೆ, ಎಂಜಿನನ್ನು ಬದಲಿಸಲೇ ಕೂಡದು ಎಂಬುದು ನನ್ನ ಅಭಿಪ್ರಾಯ.

1945ರಿಂದ 1949ರವರೆಗೆ ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಸಿಜೆ-2ಎ ಜೀಪನ್ನೇ ನೋಡೋಣ. ಅದರ ಎಂಜಿನು 2.2 ಲೀಟರಿನದು, ಸಾಮರ್ಥ್ಯ ಸುಮಾರು 60 ಅಶ್ವಶಕ್ತಿ. ನಾಲ್ಕು ಚಕ್ರಗಳ ಡ್ರಮ್ ಬ್ರೇಕುಗಳಿಗೂ ಒತ್ತಡ ಬರುವುದು ಒಂದೇ ಮಾಸ್ಟರ್ ಸಿಲಿಂಡರಿನಿಂದ. ದ್ರವದಲ್ಲಿ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮವನ್ನು ನೀವು ಓದಿರುವಿರಿ. ಎಲ್ಲಿಯಾದರೂ ಒಂದು ಕಡೆ ಕೊಳವೆ ಒಡೆದು ಎಣ್ಣೆ ಸೋರಿದರೆ, ನಾಲ್ಕೂ ಬ್ರೇಕುಗಳು ಒಮ್ಮೆಗೇ ಕೈಕೊಡುವುದು ಅದೇ ನಿಯಮದ ಇನ್ನೊಂದು ಮುಖ.

ಇನ್ನು ವೇಗದ ಮಾತು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 40 ಕಿಲೋಮೀಟರ್ ಓಡುತ್ತಿದ್ದ ಗಾಡಿ 80ಕ್ಕೆ ಏರಿದರೆ, ಬ್ರೇಕು ಶಾಖವಾಗಿ ಪರಿವರ್ತಿಸಬೇಕಾದ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿ. ತಡೆಯುವ ಬಲ ಅಷ್ಟೇ ಇದ್ದರೆ, ಬ್ರೇಕು ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರವೂ ನಾಲ್ಮಡಿಯೇ. ಕಬ್ಬಿನ ಹಂಗಾಮಿನ ರಾತ್ರಿ, ಹಿಂದೀಪವಿಲ್ಲದ ಟ್ರ್ಯಾಲಿಯೊಂದು ಎದುರಿಗೆ ಥಟ್ಟನೆ ಕಂಡಾಗ, ಈ ಲೆಕ್ಕ ಪ್ರಾಣದ ಲೆಕ್ಕವಾಗುತ್ತದೆ. ಹೊಸ ಎಂಜಿನು ಹೆಚ್ಚಿಸುವುದು ವೇಗವನ್ನು, ಬ್ರೇಕಿನ ಬಲವನ್ನಲ್ಲ. ಆದುದರಿಂದ ಹಳೆಯ ರಬ್ಬರು ಭಾಗಗಳನ್ನೂ ಕೊಳವೆಗಳನ್ನೂ ತೇವ ಹೀರಿದ ಬ್ರೇಕ್ ಎಣ್ಣೆಯನ್ನೂ ನುರಿತ ಮಿಸ್ತ್ರಿಯ ಕೈಯಿಂದ ಮೊದಲು ಬದಲಾಯಿಸಿರಿ.

ಹಳೆಯ ಎಂಜಿನಿಗೆ ಬಿಡಿಭಾಗ ಹುಡುಕುವುದು ಕಷ್ಟವೆಂಬ ವಾದವುಂಟು. ನಿಜವೇ. ಆದರೆ ದಿನವೂ ದುಡಿಯಲು ಗಾಡಿ ಬೇಕಾದವರಿಗೆ ಬೇರೆ ಗಾಡಿಗಳಿವೆ. 2021ರ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನವು ‘ವಿಂಟೇಜ್’ ಎನಿಸಬೇಕಾದರೆ ಅದು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನುಗಳಲ್ಲಿ ಗಣನೀಯ ಬದಲಾವಣೆ ಆಗಿರಕೂಡದು. ಡೀಸೆಲ್ ಎಂಜಿನು ಕೂರಿಸಿದರೆ ಆ ಮನ್ನಣೆಯೂ ತಪ್ಪೀತು.

ಬೋಲ್ಟು ಕಳಚಿ ತೆಗೆಯಬಹುದಾದ ಸೀಟು ಪಟ್ಟಿಯನ್ನು ಧಾರಾಳವಾಗಿ ಸೇರಿಸಿರಿ. ಕತ್ತರಿಸಿದ ಚಾಸಿಯಾದರೋ ಮತ್ತೆ ಮೊದಲಿನಂತಾಗದು. ಕೈಯಲ್ಲಿ ಗರಗಸ ಹಿಡಿಯುವ ಮುನ್ನ ಈ ಭೇದವನ್ನು ಯೋಚಿಸಿರಿ.