ಯಾರ ಜಗಲಿಯಲ್ಲಿ ಕುಳಿತು ಕೇಳುವುದು?

"ನಮಗೆ ಪ್ರಯೋಗಶಾಲೆಯಿದೆ, ನಿಮ್ಮದೆಲ್ಲಿ?" ಎಂದು ವಿಜ್ಞಾನ ಓದುವ ಮಿತ್ರರು ನಮ್ಮನ್ನು ಹಾಸ್ಯಮಾಡುವುದುಂಟು. ನಮ್ಮದು ಶಿವಾಜಿನಗರದಲ್ಲಿದೆ, ಹಲಸೂರಿನಲ್ಲಿದೆ, ಕೃಷ್ಣರಾಜಪುರದ ಸಂತೆಯಲ್ಲಿದೆ ಎಂದು ಸಮಾಜಶಾಸ್ತ್ರದ ವಿದ್ಯಾರ್ಥಿ ಧೈರ್ಯವಾಗಿ ಹೇಳಬಹುದು. ಆದರೆ ಒಂದು ವ್ಯತ್ಯಾಸವುಂಟು. ಗಾಜಿನ ನಳಿಗೆಯಲ್ಲಿರುವ ದ್ರಾವಣವು ತನ್ನನ್ನು ಪರೀಕ್ಷಿಸುವವನ ಮುಖ ನೋಡುವುದಿಲ್ಲ. ಬೀದಿಯ ಮನುಷ್ಯ ನೋಡುತ್ತಾನೆ. ಬಂದವನು ಯಾರು, ಯಾರ ಕಡೆಯವನು, ಏತಕ್ಕಾಗಿ ಕೇಳುತ್ತಾನೆ ಎಂಬುದನ್ನು ಅಳೆದೇ ಉತ್ತರ ಕೊಡುತ್ತಾನೆ. ಸಂಶೋಧನೆಯ ಕಷ್ಟವೆಲ್ಲ ಇಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ.

ಸಮಾಜಶಾಸ್ತ್ರಜ್ಞರು ಮುಖ್ಯವಾಗಿ ಎರಡು ಮಾರ್ಗಗಳನ್ನು ಅನುಸರಿಸುತ್ತಾರೆ. ಒಂದು, ಪ್ರಶ್ನಾವಳಿ ಹಿಡಿದು ಮನೆಮನೆ ತಿರುಗುವ ಸಮೀಕ್ಷೆ. ಇನ್ನೊಂದು, ಜನರ ನಡುವೆಯೇ ತಿಂಗಳುಗಟ್ಟಲೆ ವಾಸವಾಗಿದ್ದು ನೋಡುವ ಕ್ಷೇತ್ರಕಾರ್ಯ. ಸಮೀಕ್ಷೆಯನ್ನು ನಾನು ಹಳಿಯುವವನಲ್ಲ. ಎಷ್ಟು ಮನೆಗಳಿಗೆ ನಲ್ಲಿಯಿದೆ, ಎಷ್ಟು ಮಕ್ಕಳು ಶಾಲೆ ಬಿಟ್ಟಿದ್ದಾರೆ ಎಂಬುದು ಎಣಿಸದೆ ತಿಳಿಯದು. ಆದರೆ ದಂಡೂ ಪೇಟೆಯೂ 1949ರಲ್ಲಿ ಒಂದೇ ಕಾರ್ಪೊರೇಷನ್ನಿಗೆ ಸೇರಿದರೂ ದಂಡಿನ ಬದುಕಿನ ಬಗೆಯೇ ಬೇರೆ. ಮನೆಯೊಳಗೆ ತಮಿಳು, ಅಂಗಡಿಯಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ಉರ್ದು, ಕೆಲಸಕ್ಕೆ ಹೋಗುವ ಇಂದಿರಾನಗರದ ಮನೆಯಲ್ಲಿ ನಾಲ್ಕು ಮಾತು ಇಂಗ್ಲಿಷು ಆಡುವ ಹಲಸೂರಿನ ಹೆಂಗಸಿನ ಬಾಳು 'ಮಾತೃಭಾಷೆ' ಎಂಬ ಒಂದೇ ಅಂಕಣದಲ್ಲಿ ಹಿಡಿದೀತೆ? ಬಂದವನು ಗುಡಿಸಲು ಎತ್ತಿಸುವವನೆಂದು ತಿಳಿದರೆ ಒಂದು ಉತ್ತರ, ಪಡಿತರ ಚೀಟಿ ಕೊಡಿಸುವವನೆಂದು ತಿಳಿದರೆ ಇನ್ನೊಂದು. ಅದು ಸುಳ್ಳಲ್ಲ, ಬಡವರ ಎಚ್ಚರ.

ನಮ್ಮ ಬೀದಿಗೂ ಒಮ್ಮೆ ಇಂತಹ ಸಮೀಕ್ಷೆ ಬಂದಿತ್ತು. ನನ್ನ ತಾಯಿ ಮುಂಜಾನೆ ರಸೆಲ್ ಮಾರುಕಟ್ಟೆಯಿಂದ ಹೂ ತಂದು, ಕಟ್ಟಿ, ಸಂಜೆಯವರೆಗೆ ಮಾರುತ್ತಾಳೆ. ಆ ಹೊತ್ತಿನಲ್ಲಿ ಅವಳು ಮನೆಯಲ್ಲಿರಲಿಲ್ಲ. ಉತ್ತರ ಕೊಟ್ಟವರು ತಂದೆ. ಅವಳ ಉದ್ಯೋಗದ ಮುಂದೆ 'ಗೃಹಿಣಿ' ಎಂದು ಬಿತ್ತು. ತಿದ್ದಿರೆಂದು ಕೇಳಿದ್ದಕ್ಕೆ, ಮುಂದಿನ ಮನೆಗೆ ಹೊತ್ತಾಯಿತೆಂದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹತ್ತಿಸಿದ್ದು ಆ ಹೂವಿನ ದುಡ್ಡು. ಹಾಳೆಯ ಪ್ರಕಾರ ಆ ದುಡ್ಡು ಹುಟ್ಟಲೇ ಇಲ್ಲ. ಇಂತಹ ಹಾಳೆಗಳಿಂದಲೇ ವರದಿ, ವರದಿಯಿಂದ ಯೋಜನೆ. ಹೂ ಮಾರುವವರೇ ಇಲ್ಲದ ಬೀದಿಯಲ್ಲಿ ಹೂ ಮಾರಲು ಜಾಗವೇಕೆಂದು ನಾಳೆ ಯಾರಾದರೂ ಕೇಳಿದರೆ ಉತ್ತರವೇನು?

ಹಾಗಾದರೆ ಜನರ ಜೊತೆಯಲ್ಲಿ ವಾಸಮಾಡಿದರೆ ಸಾಕೆ? ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಮೈಸೂರಿನವರೇ ಆದ ಪ್ರೊ. ಎಂ. ಎನ್. ಶ್ರೀನಿವಾಸರು 1948ರಲ್ಲಿ ಅಲ್ಲಿಗೆ ಸಮೀಪದ ಒಂದು ಹಳ್ಳಿಯಲ್ಲಿ ನೆಲಸಿ, ಅದನ್ನು ರಾಂಪುರವೆಂದು ಕರೆದು ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಯಲ್ಲಿ ಅವರು ವಿಂಗಡಿಸಿಟ್ಟಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಹಾಳಾದವು. ಬಹುಮಟ್ಟಿಗೆ ನೆನಪನ್ನೇ ಆಧರಿಸಿ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂದಿತು. ಅದರ ಹಿರಿಮೆ ನೆನಪಿನ ಶಕ್ತಿಯೊಂದರಲ್ಲಿಯೇ ಇಲ್ಲ. ತಾವು ಊರಿನ ಮುಖ್ಯಸ್ಥನ ಆಶ್ರಯದಲ್ಲಿ, ಅವನ ಎತ್ತಿನ ಮನೆಯಲ್ಲಿ ಇದ್ದವರು; ಹುಟ್ಟಿನಿಂದ ಬ್ರಾಹ್ಮಣರು; ಆದುದರಿಂದ ಹಳ್ಳಿಯನ್ನು ಹೆಚ್ಚಾಗಿ ಮೇಲುಜಾತಿಯವರ ಕಡೆಯಿಂದಲೇ ಕಂಡೆವೆಂದು ಅವರೇ ಒಪ್ಪಿದ್ದಾರೆ. ತಾನು ಕುಳಿತ ಜಗಲಿಯನ್ನು ಓದುಗರಿಗೆ ತೋರಿಸುವುದೇ ಸಂಶೋಧಕನ ಪ್ರಾಮಾಣಿಕತೆ.

ಎರಡು ಮಾರ್ಗಗಳನ್ನೂ ಕೂಡಿಸಿದವರುಂಟು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಕಡೆಯ ಎರಡು ಹಳ್ಳಿಗಳಲ್ಲಿ ಇದ್ದು ನೋಡಿದರು, ಮನೆಮನೆಯ ಆದಾಯವನ್ನೂ ಎಣಿಸಿದರು. ನಾಲೆಯ ನೀರು ಬಂದ ಹಳ್ಳಿಗಿಂತ ಬಾರದ ಹಳ್ಳಿಯಲ್ಲಿಯೇ ಸಾಮಾಜಿಕ ಸಂಬಂಧಗಳು ಹೆಚ್ಚು ಬದಲಾದವು. ಹೊಲ ನೆನೆಯದವರು ಹೊರಗಿನ ಉದ್ಯೋಗಗಳಿಗೆ ಕೈಹಾಕಿದ್ದರು. ಒಂದೇ ದಿನದ ಭೇಟಿಗೆ ಇದು ಸಿಕ್ಕುವ ಸತ್ಯವಲ್ಲ. 1970ರಲ್ಲಿ ಅವರು ಪುನಃ ಬಂದು ನೋಡಿದರು.

ಬೀದಿಯವನೇ ತನ್ನ ಬೀದಿಯನ್ನು ಸಂಶೋಧಿಸಿದರೆ ಸರಿಹೋಯಿತು ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ನನ್ನ ಬೀದಿಯಲ್ಲಿಯೂ ನಮ್ಮವರು ಕಾಲಿಡದ ಮನೆಗಳಿವೆ. ನನಗೂ ಒಂದು ಜಗಲಿಯಿದೆ. ಆದುದರಿಂದ ಉಪನ್ಯಾಸಕರಲ್ಲಿ ನನ್ನ ಬಿನ್ನಹವಿಷ್ಟು: ನಮ್ಮಿಂದ ಬೀದಿಗಳ ಅಧ್ಯಯನ ಮಾಡಿಸಿರಿ. ಬೇರೆ ಬೇರೆ ಮನೆತನಗಳಿಂದ ಬಂದ ಇಬ್ಬರನ್ನು ಒಂದೇ ಬೀದಿಗೆ ಕಳುಹಿಸಿರಿ. ಉತ್ತರ ಕೊಟ್ಟವರು ಯಾರೆಂಬುದನ್ನು ಪ್ರತಿ ಹಾಳೆಯಲ್ಲಿಯೂ ಬರೆಸಿರಿ. ಮುಗಿದ ಮೇಲೆ ಆ ಬೀದಿಯವರ ಮುಂದೆ, ಅವರಿಗೆ ತಿಳಿಯುವ ಮಾತಿನಲ್ಲಿ, ಬರೆದುದನ್ನು ಓದಿಸಿರಿ. ತಪ್ಪಿದ್ದರೆ ತಿದ್ದಲು ಅವರಿಗಿಂತ ಉತ್ತಮ ಪರೀಕ್ಷಕರು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಸಿಕ್ಕಲಾರರು.