ಕೊಂಡಿಯಷ್ಟೇ ಸಾಲದು, ಪಟ್ಟಿಯೂ ಬೇಕು

ಇಂದಿನ ಕಾಲೇಜು ಗ್ರಂಥಾಲಯಕ್ಕೆ ಎರಡು ಸಂಗ್ರಹಗಳಿವೆ. ಒಂದು ಕಪಾಟಿನಲ್ಲಿ ಕಣ್ಣಿಗೆ ಕಾಣುವಂಥದು. ಇನ್ನೊಂದು ಚಂದಾದ ಮೂಲಕ ದೊರೆಯುವ, ಕಣ್ಣಿಗೆ ಕಾಣದ ವಿದ್ಯುನ್ಮಾನ ಸಂಗ್ರಹ. ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಯೋಜನೆಯು ಈ ಎರಡನೆಯದನ್ನು ಸಣ್ಣ ಊರಿನ ಕಾಲೇಜುಗಳಿಗೂ ತಲುಪಿಸಿತು. 2025ರ ಜನವರಿಯಲ್ಲಿ ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯು 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿಟ್ಟಿದೆ. ಆದರೆ ಗ್ರಂಥಾಲಯದಲ್ಲಿ ಇರುವುದೆಲ್ಲವೂ ಓದುಗನ ಕೈಗೆ ಸಿಗುವುದಿಲ್ಲ. ಇರುವುದಕ್ಕೂ ಸಿಗುವುದಕ್ಕೂ ನಡುವಿನ ಈ ಅಂತರವನ್ನು ತುಂಬಲು ಹುಟ್ಟಿದ ತಂತ್ರಾಂಶವೇ ಲಿಂಕ್ ರಿಸಾಲ್ವರ್.

ಇದರ ಕೆಲಸ ಸರಳವಾದುದು. ಓದುಗನು ಯಾವುದೋ ಸೂಚಿಯಲ್ಲಿ ಒಂದು ಲೇಖನದ ಉಲ್ಲೇಖವನ್ನು ಕಂಡು ಕೊಂಡಿಯನ್ನು ಒತ್ತುತ್ತಾನೆ. ಆಗ ಪತ್ರಿಕೆಯ ಹೆಸರು, ಅದರ ಐಎಸ್‌ಎಸ್‌ಎನ್ ಸಂಖ್ಯೆ, ವರ್ಷ, ಸಂಪುಟ, ಸಂಚಿಕೆ, ಪುಟಗಳ ವಿವರವೆಲ್ಲ ಓಪನ್‌ಯುಆರ್‌ಎಲ್ ಎಂಬ ವಿಳಾಸದ ರೂಪದಲ್ಲಿ ರಿಸಾಲ್ವರ್‌ಗೆ ತಲುಪುತ್ತದೆ. ಅದು ತನ್ನ ನಾಲೆಜ್ ಬೇಸ್‌ನಲ್ಲಿ, ಎಂದರೆ ಗ್ರಂಥಾಲಯಕ್ಕೆ ಯಾವ ಪತ್ರಿಕೆ ಯಾವ ವರ್ಷದಿಂದ ಯಾವ ವರ್ಷದವರೆಗೆ ದೊರೆಯುತ್ತದೆ ಎಂಬ ಪಟ್ಟಿಯಲ್ಲಿ, ಹುಡುಕುತ್ತದೆ. ಪೂರ್ಣಪಾಠವಿದ್ದರೆ ಅಲ್ಲಿಗೆ ಒಯ್ಯುತ್ತದೆ. ಮುದ್ರಿತ ಸಂಪುಟವಿದ್ದರೆ ಕಪಾಟಿನತ್ತ ಕೈತೋರುತ್ತದೆ. ಎರಡೂ ಇಲ್ಲದಿದ್ದರೆ ಬೇರೆ ಗ್ರಂಥಾಲಯದಿಂದ ಎರವಲು ತರಿಸುವ ದಾರಿಯನ್ನು ಸೂಚಿಸುತ್ತದೆ.

1990ರ ದಶಕದ ಕೊನೆಯಲ್ಲಿ ಬೆಲ್ಜಿಯಮ್ಮಿನ ಘೆಂಟ್ ವಿಶ್ವವಿದ್ಯಾನಿಲಯದಲ್ಲಿ ಹರ್ಬರ್ಟ್ ವಾನ್ ಡಿ ಸೊಂಪೆಲ್ ಮತ್ತು ಸಂಗಡಿಗರು ಈ ವಿಚಾರವನ್ನು ರೂಪಿಸಿದರು. ಎಸ್‌ಎಫ್‌ಎಕ್ಸ್ ಎಂಬ ಅವರ ತಂತ್ರಾಂಶ ಮುಂದೆ ಎಕ್ಸ್ ಲಿಬ್ರಿಸ್ ಸಂಸ್ಥೆಯ ಮೂಲಕ ಹಲವು ದೇಶಗಳ ಗ್ರಂಥಾಲಯಗಳನ್ನು ಸೇರಿತು, ಓಪನ್‌ಯುಆರ್‌ಎಲ್ Z39.88-2004 ಎಂಬ ಮಾನದಂಡವಾಯಿತು. ಅವರು ಎತ್ತಿಕೊಂಡ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ಒಂದೇ ಲೇಖನ ನಾಲ್ಕು ಕಡೆ ಇರುವಾಗ, ಈ ಸಂಸ್ಥೆಯ ಈ ಓದುಗನಿಗೆ ಯಾವ ಪ್ರತಿ ಸಲ್ಲುತ್ತದೆ?

ಈ ಪ್ರಶ್ನೆಗೆ ಉತ್ತರ ಕೊಡುವುದು ತಂತ್ರಾಂಶವಲ್ಲ, ಅದರ ಬೆನ್ನಿಗಿರುವ ಪಟ್ಟಿ. ಪಟ್ಟಿಯಲ್ಲಿ ಇಲ್ಲದ್ದು ರಿಸಾಲ್ವರ್‌ನ ಪಾಲಿಗೆ ಲೋಕದಲ್ಲೇ ಇಲ್ಲ. ಕನ್ನಡಕ್ಕೆ ತೊಡಕಾಗುವುದು ಇಲ್ಲಿಯೇ. ಇಂಗ್ಲಿಷ್ ಪತ್ರಿಕೆಗಳ ಪಟ್ಟಿಯನ್ನು ಅವುಗಳ ಪ್ರಕಾಶಕರೇ ಸಿದ್ಧಪಡಿಸಿ ಕೊಡುತ್ತಾರೆ. ಕನ್ನಡದ ಹಳೆಯ ಪತ್ರಿಕೆಗಳಿಗೆ ಹಾಗೆ ಮಾಡುವವರಿಲ್ಲ. ಐಎಸ್‌ಎಸ್‌ಎನ್ ಪದ್ಧತಿ ಬಂದದ್ದೇ 1970ರ ದಶಕದಲ್ಲಿ. ಅದಕ್ಕೂ ಮುನ್ನ ನಿಂತುಹೋದ ಎಷ್ಟೋ ಪತ್ರಿಕೆಗಳಿಗೆ ಆ ಸಂಖ್ಯೆಯೇ ಇಲ್ಲ. ‘ಪ್ರಬುದ್ಧ ಕರ್ಣಾಟಕ’ದಂಥ ಹೆಸರಾಂತ ಪತ್ರಿಕೆಯ ಶೀರ್ಷಿಕೆಯನ್ನೂ ಒಬ್ಬರು ಣಕಾರದಲ್ಲಿ, ಇನ್ನೊಬ್ಬರು ನಕಾರದಲ್ಲಿ, ಮತ್ತೊಬ್ಬರು ರೋಮನ್ ಲಿಪಿಯಲ್ಲಿ ತೋಚಿದಂತೆ ದಾಖಲಿಸುತ್ತಾರೆ. ಮನುಷ್ಯನಿಗೆ ಅದು ಒಂದೇ ಪತ್ರಿಕೆ, ಯಂತ್ರಕ್ಕೆ ಮೂರು.

ಗಡಿನಾಡಿನ ವಿದ್ಯಾರ್ಥಿಗೆ ಈ ಕೊರತೆ ಇಮ್ಮಡಿಯಾಗಿ ತಟ್ಟುತ್ತದೆ. ಮಂಜೇಶ್ವರದ ಗೋವಿಂದ ಪೈಗಳ ಸಂಶೋಧನ ಲೇಖನಗಳು ಮೊದಲು ಹಲವು ಪತ್ರಿಕೆಗಳಲ್ಲಿ ಚದುರಿ ಪ್ರಕಟವಾದವು. ಅವುಗಳ ಮೊದಲ ಮುದ್ರಣವನ್ನು ನೋಡಬೇಕೆನ್ನುವ ಕಾಸರಗೋಡಿನ ಸಂಶೋಧಕಿಗೆ ಬೇಕಾದ ಸಂಪುಟ ಒಂದು ಮೈಸೂರಿನಲ್ಲಿ, ಇನ್ನೊಂದು ಧಾರವಾಡದಲ್ಲಿ ಇರಬಹುದು. ತನ್ನದೇ ಕಾಲೇಜಿನ ಮೂಲೆಯ ಕಪಾಟಿನಲ್ಲಿಯೂ ಇರಬಹುದು. ಆಕೆ ಓದುತ್ತಿರುವ ರಾಜ್ಯದ ಗ್ರಂಥಾಲಯ ವ್ಯವಸ್ಥೆ ಬೇರೆ, ಆಕೆಯ ಆಕರಗಳಿರುವ ರಾಜ್ಯದ್ದು ಬೇರೆ. ಎಲ್ಲಿದೆ ಎಂದು ಹೇಳುವ ಪಟ್ಟಿಯಿಲ್ಲದಿದ್ದರೆ ಆಕೆಯ ಶ್ರಮದ ಬಹುಪಾಲು ಓದಿಗಲ್ಲ, ಅಲೆದಾಟಕ್ಕೇ ಸವೆಯುತ್ತದೆ.

ಗೂಗಲ್ ಇರುವಾಗ ಇದೆಲ್ಲ ಏತಕ್ಕೆ ಎಂದು ಕೇಳುವವರಿದ್ದಾರೆ. ಅಂತರ್ಜಾಲದ ಶೋಧವು ಅಲ್ಲಿ ಹಾಕಿದ್ದನ್ನು ಮಾತ್ರ ಬಲ್ಲದು. ಒಂದು ಕಾಲೇಜಿನ ಕಪಾಟಿನಲ್ಲಿ ರಟ್ಟು ಕಟ್ಟಿಸಿಟ್ಟ ಸಂಪುಟವನ್ನು ಅದು ಅರಿಯದು. ತಂತ್ರಾಂಶ ದುಬಾರಿಯೆಂಬ ಆಕ್ಷೇಪವೂ ಉಂಟು. ಅದರಲ್ಲಿ ಹುರುಳಿದೆ; ಸಣ್ಣ ಕಾಲೇಜು ವಾಣಿಜ್ಯ ರಿಸಾಲ್ವರನ್ನು ಕೊಳ್ಳಲಾರದು. ಆದರೆ ಹಲವು ಗ್ರಂಥಾಲಯಗಳು ಈಗಾಗಲೇ ಬಳಸುವ, ಉಚಿತವಾಗಿ ದೊರೆಯುವ ಕೋಹಾ ತಂತ್ರಾಂಶದಲ್ಲಿ ರಿಸಾಲ್ವರ್‌ನ ವಿಳಾಸವನ್ನು ಸೇರಿಸುವ ಅವಕಾಶವಿದೆ. ಪಟ್ಟಿಗಂತೂ ಹಣವೇ ಬೇಡ. ಇಂಥ ಪಟ್ಟಿಗಳಿಗಾಗಿ ರೂಪುಗೊಂಡ ಕೆಬಾರ್ಟ್ ಎಂಬ ಶಿಫಾರಸು ಕೇಳುವುದು ಒಂದು ಸಾದಾ ಕೋಷ್ಟಕವನ್ನು: ಶೀರ್ಷಿಕೆ, ಗುರುತಿನ ಸಂಖ್ಯೆ, ಮೊದಲ ಮತ್ತು ಕೊನೆಯ ಸಂಚಿಕೆಯ ವಿವರ, ದೊರೆಯುವ ತಾಣ. ಅದು ಯೂನಿಕೋಡನ್ನೇ ಬಳಸುವುದರಿಂದ ಕನ್ನಡ ಲಿಪಿಗೂ ಅಡ್ಡಿಯಿಲ್ಲ.

ಆದುದರಿಂದ ಇದನ್ನು ಗ್ರಂಥಪಾಲಕರೊಬ್ಬರ ಹೊಣೆಯೆಂದು ಬಿಟ್ಟು ಕನ್ನಡ ವಿಭಾಗಗಳು ಸುಮ್ಮನಿರುವುದು ಸಲ್ಲದು. ಯಾವ ಪತ್ರಿಕೆ ಯಾವಾಗ ಹೆಸರು ಬದಲಿಸಿತು, ಯಾವ ವರ್ಷ ನಿಂತು ಮತ್ತೆ ಹೊರಟಿತು ಎಂಬುದನ್ನು ಬಲ್ಲವರು ಭಾಷಾ ವಿಭಾಗದವರೇ. ಪ್ರತಿಯೊಂದು ಗಡಿನಾಡ ವಿಭಾಗವೂ ತನ್ನ ಕಾಲೇಜಿನಲ್ಲಿರುವ ಕನ್ನಡ ನಿಯತಕಾಲಿಕೆಗಳ ಸಂಪುಟಗಳನ್ನು ವರ್ಷವಾರು ಪಟ್ಟಿಮಾಡಲಿ. ಶೀರ್ಷಿಕೆಯನ್ನು ಪತ್ರಿಕೆಯ ಮುಖಪುಟದಲ್ಲಿರುವಂತೆ ಕನ್ನಡ ಲಿಪಿಯಲ್ಲಿಯೂ, ಐಎಸ್‌ಒ 15919 ಲಿಪ್ಯಂತರ ಪದ್ಧತಿಯಂತೆ ರೋಮನ್ ಲಿಪಿಯಲ್ಲಿಯೂ ಬರೆಯಲಿ. ಈಗ ಹೊರಡುತ್ತಿರುವ ಪತ್ರಿಕೆಗಳು ಐಎಸ್‌ಎಸ್‌ಎನ್ ಪಡೆಯುವಂತೆ ಒತ್ತಾಯಿಸಲಿ. ಕಾಸರಗೋಡಿನ ಪಟ್ಟಿ ಸೊಲ್ಲಾಪುರದ ಪಟ್ಟಿಯೊಡನೆ, ಹೊಸೂರಿನದು ರಾಯದುರ್ಗದ್ದರೊಡನೆ ಕೂಡಲು ಆಗ ತಡೆಯಿರದು. ಒಂದು ವರ್ಷದ ಕಿರುಯೋಜನೆಯಾಗಿ ವಿದ್ಯಾರ್ಥಿಗಳಿಗೆ ಇದನ್ನು ವಹಿಸಿದರೂ ಕೆಲಸ ಸಾಗೀತು. ತಂತ್ರಾಂಶ ಇಂದು ಬರಬಹುದು, ನಾಳೆ ಬದಲಾಗಬಹುದು; ಒಮ್ಮೆ ಸರಿಯಾಗಿ ಮಾಡಿದ ಪಟ್ಟಿ ಯಾವ ತಂತ್ರಾಂಶಕ್ಕೂ ಒದಗುತ್ತದೆ.