ದೈತ್ಯ ದಿನಕ್ಕೆ ಎಷ್ಟು ತಿಂತಾನೆ?

ಟೇಬಲ್‌ಟಾಪ್ ಆಟಗಳಲ್ಲಿ ಅತಿ ಹೆಚ್ಚು ಬಿಲ್ಡಪ್ ತಗೊಂಡು ಅತಿ ಬೇಗ ಸಾಯುವ ಶತ್ರು ಯಾರು ಗೊತ್ತಾ? ದೈತ್ಯ. ನೆಲ ನಡುಗುತ್ತೆ, ಮರ ಬೀಳುತ್ತೆ, ಗುಡ್ಡದ ಹಿಂದಿನಿಂದ ತಲೆ ಮೇಲೇಳುತ್ತೆ, ಆಟ ನಡೆಸುವವನು ದನಿ ದಪ್ಪ ಮಾಡ್ಕೊಂಡು ಡೈಲಾಗ್ ಹೊಡೀತಾನೆ. ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದಿರುತ್ತೆ. ಐದು ಜನ ಸುತ್ತ ನಿಂತು ಬಡಿದು ಮಲಗಿಸಿ, ಅವನ ಚೀಲ ತಡಕೋಕೆ ಶುರು ಮಾಡಿರ್ತಾರೆ.

ಈ ಅಂಕಣಕ್ಕೆ ಹೊಸಬರಾದವರಿಗೆ ಒಂದೆರಡು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ಆಟ. ಒಬ್ಬರು ಡಂಜನ್ ಮಾಸ್ಟರ್, ಅಂದ್ರೆ ಡಿಎಂ. ಅವರು ಲೋಕವನ್ನು ವರ್ಣಿಸ್ತಾರೆ. ಉಳಿದವರು ಒಂದೊಂದು ಪಾತ್ರ ವಹಿಸಿ, ಏನು ಮಾಡ್ತೀವಿ ಅಂತ ಹೇಳ್ತಾರೆ. ಅದು ಆಗುತ್ತೋ ಇಲ್ವೋ ಅನ್ನೋದನ್ನ ದಾಳ ಹೇಳುತ್ತೆ. ಬೆಂಗಳೂರಲ್ಲಿ ಶನಿವಾರ ಸಂಜೆ ಐದು ಜನ ಗೆಳೆಯರಿಗೆ ಆಡಿಸುವ ಡಿಎಂ ನಾನು.

ದೈತ್ಯ ಯಾಕೆ ಅಷ್ಟು ಬೇಗ ಸಾಯ್ತಾನೆ ಅನ್ನೋದು ಸರಳ ಲೆಕ್ಕ. 2014ರ ನಿಯಮಪುಸ್ತಕದ ಫ್ರಾಸ್ಟ್ ಜೈಂಟ್, ಅಂದ್ರೆ ಹಿಮದೈತ್ಯನನ್ನೇ ತಗೊಳ್ಳಿ. ಅವನ ಹಿಟ್ ಪಾಯಿಂಟ್ 138. ಐದು ಜನ ಆಟಗಾರರು ಸರಾಸರಿ ಹತ್ತತ್ತು ಪಾಯಿಂಟ್ ಪೆಟ್ಟು ಕೊಟ್ಟರೂ ಒಂದು ಸುತ್ತಿಗೆ 50. ಮೂರನೇ ಸುತ್ತಿನಲ್ಲಿ ಅವನ ಕಥೆ ಮುಗೀತು. ಅಷ್ಟರಲ್ಲಿ ಆಟಗಾರರಿಗೆ ಹದಿನೈದು ಸರದಿ ಸಿಕ್ಕಿರುತ್ತೆ, ದೈತ್ಯನಿಗೆ ಎರಡೋ ಮೂರೋ. ಒಂದೇ ಸರ್ವರ್ ಮೇಲೆ ಐದು ಕಡೆಯಿಂದ ಲೋಡ್ ಬಿದ್ದ ಹಾಗೆ. ನಂಬರ್ ಏರಿಸಿದರೆ ಆಯ್ತಲ್ವಾ ಅನ್ನಬಹುದು. 138 ಇದ್ದಿದ್ದನ್ನ 300 ಮಾಡಿದರೆ ಅದೇ ಜಗಳ ಎರಡು ಪಟ್ಟು ಹೊತ್ತು ನಡೆಯುತ್ತೆ ಅಷ್ಟೇ. ಪೆಟ್ಟಿನ ಬಲ ಏರಿಸಿದರೆ ಪಾಪ ಮಂತ್ರವಾದಿ ಮೊದಲ ಸುತ್ತಲ್ಲೇ ಸತ್ತು, ಆ ಗೆಳೆಯ ಉಳಿದ ಸಂಜೆಯೆಲ್ಲ ಮೊಬೈಲ್ ನೋಡ್ತಾ ಕೂತಿರ್ತಾನೆ.

ನನ್ನ ಪ್ರಕಾರ ದೈತ್ಯ ಅಂದ್ರೆ ದೊಡ್ಡ ಸಂಖ್ಯೆ ಅಲ್ಲ. ಅವನೊಂದು ಜಾಗ, ಅವನೊಂದು ಹಸಿವು. ಈ ಎರಡನ್ನು ಟೇಬಲ್ ಮೇಲೆ ತಂದರೆ ಸಂಖ್ಯೆ ತಾನಾಗೇ ಹಿಂದೆ ಸರಿಯುತ್ತೆ.

ಮೊದಲು ಜಾಗ. ಪುಸ್ತಕದ ಹಿಮದೈತ್ಯ ಸುಮಾರು 21 ಅಡಿ ಎತ್ತರ. "21 ಅಡಿ" ಅಂತ ಓದಿ ಹೇಳಿದರೆ ಯಾರ ಕಣ್ಣಿಗೂ ಏನೂ ಕಟ್ಟಲ್ಲ. ಹಂಪಿಯ ಉಗ್ರನರಸಿಂಹನ ಮುಂದೆ ನಿಂತಿದ್ದೀರಲ್ಲ? ಆ ಮೂರ್ತಿ 6.7 ಮೀಟರ್, ಹತ್ತಿರಹತ್ತಿರ 22 ಅಡಿ. ಅದು ಎದ್ದು ನಿಮ್ಮ ಕಡೆ ತಿರುಗಿತು ಅಂತ ಹೇಳಿ ನೋಡಿ. ನಮ್ಮ ಟೇಬಲ್‌ನಲ್ಲಿ ಹಾಗೆ ಹೇಳಿದ ದಿನ ಚಿಪ್ಸ್ ತಿನ್ನೋ ಸದ್ದು ನಿಂತಿತ್ತು.

ಹಳೆಯ ಕಥೆಗಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 13ನೇ ಶತಮಾನದಲ್ಲಿ ಬರೆದ ಎಡ್ಡಾದಲ್ಲಿ ಥಾರ್ ಮತ್ತು ಅವನ ಜೊತೆಗಾರರು ರಾತ್ರಿ ಕಾಡಲ್ಲಿ ಒಂದು ದೊಡ್ಡ ಮನೆ ಹೊಕ್ಕು ಮಲಗ್ತಾರೆ. ಅದರ ಪಕ್ಕಕ್ಕೊಂದು ಕೋಣೆಯೂ ಇರುತ್ತೆ. ಬೆಳಗಾದ ಮೇಲೆ ಗೊತ್ತಾಗುತ್ತೆ, ಅದು ಮನೆಯಲ್ಲ, ಸ್ಕ್ರೀಮಿರ್ ಅನ್ನೋ ದೈತ್ಯನ ಕೈಗವಸು. ಪಕ್ಕದ ಕೋಣೆ ಅಂದ್ರೆ ಹೆಬ್ಬೆರಳಿನ ಭಾಗ. ಮಲಗಿದ್ದ ಅವನ ತಲೆಗೆ ಥಾರ್ ಸುತ್ತಿಗೆಯಿಂದ ಬಾರಿಸಿದರೆ ಅವನು ಎದ್ದು, ಎಲೆ ಏನಾದ್ರೂ ಬಿತ್ತಾ ಅಂತ ಕೇಳ್ತಾನೆ. ನಮ್ಮ ಕುಂಭಕರ್ಣನೂ ಹಾಗೇ. ವಾಲ್ಮೀಕಿ ರಾಮಾಯಣದಲ್ಲಿ ಅವನನ್ನ ಎಬ್ಬಿಸೋಕೆ ಮೈಮೇಲೆ ಆನೆ ಓಡಿಸ್ತಾರೆ. ಎಷ್ಟು ಅಡಿ, ಎಷ್ಟು ಟನ್ ಅನ್ನೋದಕ್ಕಿಂತ ನಮ್ಮ ಅತಿ ದೊಡ್ಡ ಪೆಟ್ಟು ಅವನಿಗೆ ಏನನ್ನಿಸಿತು ಅನ್ನೋದರಲ್ಲಿ ಗಾತ್ರ ಕಾಣುತ್ತೆ.

ಇನ್ನು ಹಸಿವು. ಇಲ್ಲಿ ಸ್ವಲ್ಪ ಗಣಿತ, ಹೆದರಬೇಡಿ.

ಆರು ಅಡಿ ಎತ್ತರ, 70 ಕೆಜಿ ತೂಕದ ಮನುಷ್ಯನನ್ನ ಎಲ್ಲ ದಿಕ್ಕಿಗೂ ಮೂರೂವರೆ ಪಟ್ಟು ಹಿಗ್ಗಿಸಿದರೆ 21 ಅಡಿ ಆಗ್ತಾನೆ. ತೂಕ ಮಾತ್ರ ಮೂರೂವರೆ ಪಟ್ಟಲ್ಲ, ಅದರ ಘನ, ಅಂದ್ರೆ ಸುಮಾರು 43 ಪಟ್ಟು ಏರುತ್ತೆ. ಮೂರು ಟನ್, ಒಂದು ಆನೆಯಷ್ಟು. ಎಲುಬಿನ ಅಡ್ಡಕೊಯ್ತದ ವಿಸ್ತೀರ್ಣ ವರ್ಗದಲ್ಲಿ, 12 ಪಟ್ಟು ಮಾತ್ರ ಏರುತ್ತೆ. ಇದನ್ನ 1638ರಲ್ಲೇ ಗೆಲಿಲಿಯೋ ವಿವರಿಸಿದ್ದ. ಜೆ.ಬಿ.ಎಸ್. ಹಾಲ್ಡೇನ್ 1926ರ ಒಂದು ಪ್ರಬಂಧದಲ್ಲಿ 60 ಅಡಿಯ ದೈತ್ಯರು ಹೆಜ್ಜೆ ಇಟ್ಟ ಕೂಡಲೇ ತೊಡೆಯ ಮೂಳೆ ಮುರೀತಿತ್ತು ಅಂತ ಲೆಕ್ಕ ಹಾಕಿ ತೋರಿಸಿದ. ಮುಂದೆ ಭಾರತಕ್ಕೇ ಬಂದು ನೆಲೆಸಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್.

ಮೂಳೆಯ ವಿಷಯ ಬಿಡಿ, ಅದನ್ನ ಮಾಯೆ ನೋಡಿಕೊಳ್ಳಲಿ. ಹೊಟ್ಟೆಯ ಲೆಕ್ಕ ಬಿಡಬೇಡಿ. ಪ್ರಾಣಿಯ ತೂಕ ಏರಿದಷ್ಟೂ ಊಟ ಅದೇ ಪ್ರಮಾಣದಲ್ಲಿ ಏರಲ್ಲ. ತೂಕದ ಮುಕ್ಕಾಲನೇ ಘಾತದಲ್ಲಿ ಏರುತ್ತೆ ಅಂತ ಮ್ಯಾಕ್ಸ್ ಕ್ಲೈಬರ್ 1930ರ ದಶಕದಲ್ಲಿ ಕಂಡುಕೊಂಡ. 43ಕ್ಕೆ ಆ ಸೂತ್ರ ಹಾಕಿದರೆ ಸುಮಾರು 17 ಬರುತ್ತೆ. ಒಬ್ಬ ಹಿಮದೈತ್ಯ 17 ಜನರ ಊಟ ಮಾಡ್ತಾನೆ.

ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿರುವ ಯಾವ ಅಂಕಿಗಿಂತಲೂ ಈ 17 ಮುಖ್ಯ. ಯಾಕಂದ್ರೆ ಈಗ ದೈತ್ಯ ಒಂದು ಊರಿನ ಪಕ್ಕ ಸುಮ್ಮನೆ ನಿಂತಿರೋಕೆ ಆಗಲ್ಲ. ಏಕಚಕ್ರನಗರದ ಬಕಾಸುರನ ಕಥೆ ನಿಂತಿರೋದೂ ಇದರ ಮೇಲೇ. ಒಂದು ಬಂಡಿ ಅನ್ನ, ಎರಡು ಕೋಣ, ಜೊತೆಗೆ ತಂದವನು. ಸರದಿ ಪ್ರಕಾರ ಮನೆಮನೆಯಿಂದ. ಭಯ ಇರೋದು ಬಕನ ಹಲ್ಲಿನಲ್ಲಲ್ಲ, ಆ ಸರದಿಯಲ್ಲಿ.

ಕಳೆದ ಮಳೆಗಾಲದಲ್ಲಿ ನಮ್ಮ ಆಟಕ್ಕೆ ಇದನ್ನೇ ತಂದೆ. ಬೆಟ್ಟದ ತಪ್ಪಲಲ್ಲಿ 200 ಜನರ ಹಳ್ಳಿ. ಚಳಿಗಾಲಕ್ಕೆ 120 ದಿನದ ಕಾಳು ಕೂಡಿಟ್ಟಿದ್ದಾರೆ. ಮೇಲಿನಿಂದ ಒಬ್ಬಳು ಹಿಮದೈತ್ಯೆ, ಜೊತೆಗೆ ಒಂದು ಮಗು ಇಳಿದು ಬಂದು ಹಳೇ ಗಣಿಯಲ್ಲಿ ಬೀಡುಬಿಟ್ಟಿದ್ದಾರೆ. ಕುರಿಗಳು ಕಾಣೆಯಾಗ್ತಿವೆ. ಊರಗೌಡ ಆಟಗಾರರ ಕೈಗೆ ಚಿನ್ನದ ಚೀಲ ಇಟ್ಟು, "ಮುಗಿಸಿ ಬನ್ನಿ" ಅಂದ.

ಗಣಿಯ ಬಾಯಲ್ಲಿ ಕತ್ತಿ ಹಿರಿದು ನಿಂತಾಗ ನಮ್ಮ ಗುಂಪಿನ ಅತಿ ಮೌನಿ, ಕೆಲಸದಲ್ಲಿ ಟೆಸ್ಟರ್, ಆಟದಲ್ಲಿ ದೇವಾಲಯದ ಪೂಜಾರಿಣಿ, ಒಂದು ಪ್ರಶ್ನೆ ಕೇಳಿದಳು: "ಇವಳು ದಿನಕ್ಕೆ ಎಷ್ಟು ತಿಂತಾಳೆ?" ನಾನು 17 ಅಂದೆ. ಮಗುವಿಗೆ ಎಂಟು ಅಂತ ಇಟ್ಕೊಳ್ಳಿ. ಅವಳು ಫೋನ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆದಳು. 200 ಜನರ ಬದಲು 225 ಜನ ಉಂಡರೆ 120 ದಿನದ ಕಾಳು ಸುಮಾರು 107 ದಿನಕ್ಕೆ ಮುಗಿಯುತ್ತೆ.

"ಹಾಗಾದ್ರೆ 13 ದಿನ ಕಡಿಮೆ ಬೀಳುತ್ತೆ. ನಾವು ಕೊಲ್ಲೋಕೆ ಹೊರಟಿರೋದು 13 ದಿನಕ್ಕೋಸ್ಕರ ಕಣ್ರೋ."

ಅಲ್ಲಿಂದ ಒಂದೂವರೆ ಗಂಟೆ ಯಾರೂ ದಾಳ ಮುಟ್ಟಲಿಲ್ಲ. ಹೆಪ್ಪುಗಟ್ಟಿದ ಕೆರೆಗೆ ಹಳ್ಳಿಯವರು ಇಳಿಯೋಕಾಗಲ್ಲ, ಹಿಮದೈತ್ಯೆಗೆ ಚಳಿ ತಾಗಲ್ಲ. ಅವಳು ಮಂಜುಗಡ್ಡೆ ಒಡೆದು ಬಲೆ ಎಳೆದರೆ ಮೀನು ಇಬ್ಬರಿಗೂ ಆಗುತ್ತೆ. ಹಳ್ಳಿಯವರು ಒಪ್ತಾರಾ? ಅವಳು ಮಾತಿಗೆ ನಿಲ್ತಾಳಾ? ಮೀನು ಸಿಗದಿದ್ದರೆ ಯಾರ ಮನೆಯ ಕಾಳು ಮೊದಲು?

ಎಲ್ಲರೂ ಖುಷಿಯಾಗಿದ್ದರು ಅಂದ್ಕೋಬೇಡಿ. ಗುಂಪಿನಲ್ಲಿ ಒಬ್ಬ ಯೋಧ ಇದ್ದಾನೆ. ಅವನ ಪಾತ್ರದ ಊರನ್ನ ಹಿಮದೈತ್ಯರು ಸುಟ್ಟಿದ್ದರು. ಮೊದಲ ದಿನವೇ ಬರೆದುಕೊಟ್ಟ ಹಿನ್ನೆಲೆ ಅದು. "ಎಂಟು ತಿಂಗಳಿಂದ ಇದಕ್ಕೇ ಕಾಯ್ತಿದ್ದೀನಿ ಗುರು. ಈಗ ಮೀನು ಹಿಡಿಯೋಣ ಅಂತೀರಾ?" ಅವನ ದನಿಯಲ್ಲಿ ನಟನೆ ಇರಲಿಲ್ಲ. ವಾರವಿಡೀ ಆಫೀಸಲ್ಲಿ ಬೈಸ್ಕೊಂಡು ಬಂದವನಿಗೆ ಶನಿವಾರ ಒಂದು ನೇರ ಜಗಳ ಬೇಕಿತ್ತು, ಅದನ್ನ ನಾವು ನಾಲ್ಕು ಜನರ ವೋಟಿನಿಂದ ಕಿತ್ಕೊಳ್ಳೋದರಲ್ಲಿದ್ವಿ. ಪೂಜಾರಿಣಿಯ ಲೆಕ್ಕ ಸರಿ. ಅವನ ಸಿಟ್ಟೂ ಸರಿ.

ಕೊನೆಗೆ ಅವನೇ ಹೇಳಿದ: "ಕತ್ತಿ ಒರೆಗೆ ಹಾಕ್ತೀನಿ. ಕ್ಷಮಿಸಿಲ್ಲ." ಮುಂದಿನ ಮೂರು ವಾರ ಅವನ ಪಾತ್ರ ಆ ಕೆರೆಯ ಮೀನು ಮುಟ್ಟಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ.

ಅದಕ್ಕೇ ಹೇಳ್ತೀನಿ, ಪ್ರತಿ ದೈತ್ಯನನ್ನೂ ಪಾಪದವನನ್ನಾಗಿ ಮಾಡೋದೂ ಒಂದು ಚಾಳಿ. ಹೊಡೆದಾಡೋಕೆ ಅಂತಲೇ ಒಬ್ಬ ದೈತ್ಯ ಇರಬೇಕು. ನಾಲ್ಕನೇ ವಾರ ಅವನೂ ಬಂದ. ತಾಯಿ ಮಗುವನ್ನ ಬೆಟ್ಟದಿಂದ ಓಡಿಸಿದ್ದ ಪಾಳೇಗಾರ, ಮಾತಿಗೆ ಬಗ್ಗದವನು. ಆ ಜಗಳ ಎರಡು ಗಂಟೆ ನಡೀತು. ಹೇಗೆ ಅನ್ನೋದನ್ನ ಆಡಿಸುವವರಿಗಾಗಿ ಹೇಳಿಬಿಡ್ತೀನಿ.

ಒಂದು, ಅವನಿಗೆ ಸರದಿ ಹೆಚ್ಚು ಕೊಡಿ. ಡ್ರಾಗನ್‌ಗಳಂಥ ದೊಡ್ಡ ಶತ್ರುಗಳಿಗೆ ಬೇರೆಯವರ ಸರದಿ ಮುಗಿದ ಕೂಡಲೇ ಮಾಡುವ ಲೆಜೆಂಡರಿ ಆ್ಯಕ್ಷನ್‌ಗಳು ಪುಸ್ತಕದಲ್ಲೇ ಇವೆ. ಸಾಮಾನ್ಯ ದೈತ್ಯನಿಗೆ ಅವಿಲ್ಲ. ನಾನು ಕೊಡಲಿ ಹಿಡಿದ ಕೈಗೊಂದು, ಬಂಡೆ ಎಸೆಯುವ ಕೈಗೊಂದು, ಕಾಲಿಗೊಂದು ಸರದಿ ಕೊಡ್ತೀನಿ. 138 ಪಾಯಿಂಟ್‌ಗಳನ್ನೂ ಅವುಗಳಿಗೇ ಹಂಚ್ತೀನಿ. ಒಂದು ಕೈ ಸೋತರೆ ಕೊಡಲಿ ಬೀಳುತ್ತೆ. ಆಟಗಾರರಿಗೆ ತಮ್ಮ ಪೆಟ್ಟು ಏನು ಮಾಡಿತು ಅನ್ನೋದು ಕಣ್ಣಿಗೆ ಕಾಣುತ್ತೆ, ಮಂತ್ರವಾದಿಯೂ ಒಂದೇ ಏಟಿಗೆ ಸಾಯಲ್ಲ.

ಎರಡು, ನೆಲವನ್ನ ಬಳಸಿ. ನಿಯಮದಂತೆ ಹಿಮದೈತ್ಯ ಒಂದು ಸರದಿಗೆ 40 ಅಡಿ ನಡೀತಾನೆ, ಮನುಷ್ಯ 30. ಬಯಲಲ್ಲಿ ಓಡಿ ತಪ್ಪಿಸ್ಕೊಳ್ಳೋಕಾಗಲ್ಲ. ಆದರೆ ಗಣಿಯ ಒಳದಾರಿ ಎಂಟೇ ಅಡಿ ಎತ್ತರ. ಅಲ್ಲಿಗೆ ಅವನ ಕೈ ಮಾತ್ರ ಬರುತ್ತೆ, ಮೈ ಬರಲ್ಲ. ಅವನ ಒಂದು ಹೆಜ್ಜೆಗೆ ಸೇತುವೆ ಮುರಿಯಲಿ, ಮಂಜುಗಡ್ಡೆ ಬಿರಿಯಲಿ. ಜಗಳ ಮುಗಿದಾಗ ನಕ್ಷೆ ಮೊದಲಿನ ಹಾಗೆ ಇರಬಾರದು.

ಮೂರು, ಹತ್ತೋಕೆ ಬಿಡಿ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ದೊಡ್ಡ ಪ್ರಾಣಿಯ ಮೈಮೇಲೆ ಹತ್ತುವ ಐಚ್ಛಿಕ ನಿಯಮ ಇದೆ. ಹತ್ತಿದವರಿಗೆ ಹೊಡೆಯೋದು ಸುಲಭ, ಅಂದ್ರೆ ಎರಡು ದಾಳ ಉರುಳಿಸಿ ದೊಡ್ಡದನ್ನ ತಗೋಬಹುದು. 'ಶಾಡೋ ಆಫ್ ದ ಕೊಲಾಸಸ್' ಅನ್ನೋ 2005ರ ವಿಡಿಯೋ ಗೇಮ್ ಆಡಿದವರಿಗೆ ಆ ರೋಮಾಂಚನ ಗೊತ್ತು. ನಮ್ಮ ಯೋಧ ಪಾಳೇಗಾರನ ಗಡ್ಡ ಹಿಡಿದು ಹತ್ತಿದ. ಮೂರು ಸಲ ಜಾರಿದ. ನಾಲ್ಕನೇ ಸಲ ಹೆಗಲಿಗೆ ಮುಟ್ಟಿದಾಗ ಪಕ್ಕದ ಫ್ಲ್ಯಾಟಿನವರು ಗೋಡೆ ಕುಟ್ಟಿದರು.

ದುಬಾರಿ ಗೊಂಬೆ ಬೇಕಿಲ್ಲ. ನಕ್ಷೆಯ ಒಂದು ಇಂಚಿನ ಚೌಕ ಅಂದ್ರೆ ಐದು ಅಡಿ. ಹಿಮದೈತ್ಯನಿಗೆ ಮೂರು ಇಂಟು ಮೂರು ಚೌಕ. ಮೂರು ಇಂಚಿನ ಸ್ಟೀಲ್ ಡಬ್ಬಿಯ ಮುಚ್ಚಳ ಸರಿಯಾಗಿ ಕೂರುತ್ತೆ. ಅದಕ್ಕಿಂತ ದೊಡ್ಡ ಪ್ರಾಣಿಯಾದ್ರೆ ಗೊಂಬೆಯನ್ನೇ ಇಡಬೇಡಿ, ಒಂದು ಪಾದ ಮಾತ್ರ ಬಿಡಿಸಿ. ಉಳಿದಿದ್ದು ನಕ್ಷೆಯಲ್ಲಿ ಹಿಡಿಸಲ್ಲ ಅಂತ ಎಲ್ಲರಿಗೂ ಅರ್ಥವಾಗುತ್ತೆ.

ಈ ಆಟದ ದೈತ್ಯರಿಗೆ ಆಸೆಗಳೂ ಇವೆ, ಮರೀಬೇಡಿ. ಅವರದ್ದೊಂದು ಮೇಲುಕೀಳಿನ ಏಣಿ, ಹೆಸರು ಆರ್ಡನಿಂಗ್. ಮೇಲೆ ಬಿರುಗಾಳಿಯವರು, ಕೆಳಗೆ ಗುಡ್ಡದವರು. 2016ರ 'ಸ್ಟಾರ್ಮ್ ಕಿಂಗ್ಸ್ ಥಂಡರ್' ಸಾಹಸಕಥೆಯಲ್ಲಿ ಆ ಏಣಿಯೇ ಮುರಿದುಬಿದ್ದು ಎಲ್ಲರೂ ಮೇಲೇರೋಕೆ ಹೊರಡ್ತಾರೆ. ಅದರಲ್ಲಿ ಗುಹ್ ಅನ್ನೋ ಗುಡ್ಡದ ಮುಖ್ಯಸ್ಥೆ, ಗಾತ್ರದಲ್ಲಿ ಎಲ್ಲರನ್ನೂ ಮೀರಿಸಿದರೆ ತಾನೇ ಮೇಲು ಅಂತ ತಿಂತಾನೇ ಇರ್ತಾಳೆ. ಅಪ್ರೈಸಲ್ ತಿಂಗಳಲ್ಲಿ ಅವಳ ಕಷ್ಟ ನಮಗೆ ಬೇಗ ಅರ್ಥವಾಗುತ್ತೆ.

ಈ ವಾರಾಂತ್ಯ ನಿಮ್ಮ ಟೇಬಲ್‌ಗೆ ದೈತ್ಯ ಬರೋದಾದ್ರೆ, ಹಿಟ್ ಪಾಯಿಂಟ್ ಬರೆಯೋಕೂ ಮುಂಚೆ ಮೂರು ಉತ್ತರ ಬರೆದಿಟ್ಕೊಳ್ಳಿ. ಅವನು ಎಲ್ಲಿ ಮಲಗ್ತಾನೆ? ದಿನಕ್ಕೆ ಎಷ್ಟು ತಿಂತಾನೆ? ಅದನ್ನ ಈಗ ಯಾರ ಪಾಲಿನಿಂದ ತಿಂತಿದ್ದಾನೆ? ಮೂರನೇದಕ್ಕೆ ಉತ್ತರ ಸಿಕ್ಕಿದ್ರೆ ಕಥೆ ಸಿಕ್ಕಿತು. ಕತ್ತಿ ಹಿರಿಯಬೇಕೋ ಬಲೆ ಎಳೆಯಬೇಕೋ ಅಂತ ನಿಮ್ಮ ಗೆಳೆಯರೇ ತೀರ್ಮಾನ ಮಾಡಲಿ.